ಸೈನ್ಸ್ ತಗೊಂಡ್ರೆ ಎಲ್ಲಾ ಬಾಗಿಲೂ ತೆರೆದಿರುತ್ತೆ ಅಂದಿದ್ದೆ...

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಬಿಡುವೇ ಇರುವುದಿಲ್ಲ. ಊರಲ್ಲಿ ಇಂಜಿನಿಯರಿಂಗ್ ಓದಿ ಬೆಂಗಳೂರು ಸೇರಿದ ಮೊದಲ ನಾಲ್ಕೈದು ಜನರಲ್ಲಿ ನಾನೂ ಒಬ್ಬ. ಆ ಒಂದೇ ಅರ್ಹತೆಯ ಮೇಲೆ ನೆಂಟರೆಲ್ಲ ಸೇರಿ ನನ್ನನ್ನು ಶಿಕ್ಷಣ ತಜ್ಞನನ್ನಾಗಿ ಮಾಡಿಬಿಟ್ಟಿದ್ದಾರೆ :) "ಹುಡುಗನಿಗೆ ಇಷ್ಟು ಪರ್ಸೆಂಟ್ ಬಂದಿದೆ, ಏನಕ್ಕೆ ಹಾಕೋಣ?" ಅನ್ನೋದು ಪ್ರಶ್ನೆ. "ಏನಕ್ಕೆ ಹಾಕೋಣ" ಅನ್ನೋ ಮಾತು ನೋಡಿ, ಸೈಟಿಗೆ ದುಡ್ಡು ಹಾಕೋ ಹಾಗೆ.

ಈ ಸಲ ಅಕ್ಕನ ಫೋನು. ಅವಳ ಮಗನಿಗೆ ಶೇಕಡಾ 58. ಹುಡುಗನಿಗೆ ಕರೆಂಟು, ಮೋಟರು, ವೈರು ಅಂದ್ರೆ ಪ್ರಾಣ. ಐಟಿಐ ಎಲೆಕ್ಟ್ರಿಷಿಯನ್ ಸೇರ್ತೀನಿ ಅಂತಾನೆ. ಭಾವನಿಗೆ ಅದು ಸುತರಾಂ ಇಷ್ಟವಿಲ್ಲ. "ನಮ್ಮ ಮನೇಲಿ ಐಟಿಐನಾ? ಜನ ಏನಂತಾರೆ? ಪಿಯುಸಿ ಸೈನ್ಸಿಗೇ ಹೋಗಲಿ" ಅಂತ ಅವರ ಹಟ. "ನೀನೇ ಹೇಳಪ್ಪ ಅವನಿಗೆ, ನಿನ್ನ ಮಾತು ಕೇಳ್ತಾನೆ" ಅಂದಳು ಅಕ್ಕ.

ನನಗೆ ಬಾಯಿಗೆ ಮಾತೇ ಬರಲಿಲ್ಲ. ಯಾಕಂದ್ರೆ ಹಿಂದೊಮ್ಮೆ ಇದೇ ಪ್ರಶ್ನೆಗೆ ನಾನು ತುಂಬಾ ಧೈರ್ಯವಾಗಿ ಉತ್ತರ ಕೊಟ್ಟಿದ್ದೆ.

2016ರಲ್ಲಿ ಚಿಕ್ಕಪ್ಪನ ಮಗ ಎಸ್ಸೆಸ್ಸೆಲ್ಸಿ ಪಾಸಾದ. ಕನ್ನಡ ಮೀಡಿಯಂ, ಶೇಕಡಾ 61. ಏಳನೇ ಕ್ಲಾಸಿನಲ್ಲೇ ನಮ್ಮ ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ಜೋಡಿಸ್ತಿದ್ದ ಹುಡುಗ. ಚಿಕ್ಕಪ್ಪ ಕೇಳಿದಾಗ ನಾನು ಎರಡನೇ ಸಲ ಯೋಚನೆ ಮಾಡಲಿಲ್ಲ. "ಸೈನ್ಸ್ ತಗೊಳ್ಳಲಿ ಚಿಕ್ಕಪ್ಪ, ಸೈನ್ಸ್ ತಗೊಂಡ್ರೆ ಎಲ್ಲಾ ಬಾಗಿಲೂ ತೆರೆದಿರುತ್ತೆ" ಅಂದೆ. ನನಗೆ ಯಾರೋ ಹೇಳಿದ್ದ ಮಾತು ಅದು. ನನ್ನ ಮಟ್ಟಿಗೆ ನಿಜವೂ ಆಗಿತ್ತು.

ಹುಡುಗ ತಾಲ್ಲೂಕಿನ ಕಾಲೇಜಿಗೆ ಪಿಸಿಎಂಬಿ ಸೇರಿದ. ಹತ್ತು ವರ್ಷ ಕನ್ನಡದಲ್ಲಿ ವಿಜ್ಞಾನ ಓದಿದವನಿಗೆ ಒಂದೇ ರಜೆ ಕಳೆದು ಬಂದರೆ ಎಲ್ಲವೂ ಇಂಗ್ಲಿಷಿನಲ್ಲಿ. ವೇಗೋತ್ಕರ್ಷ ಹೋಗಿ ಆಕ್ಸಿಲರೇಶನ್ ಬಂತು, ದ್ಯುತಿಸಂಶ್ಲೇಷಣೆ ಹೋಗಿ ಫೋಟೋಸಿಂಥೆಸಿಸ್ ಬಂತು. 2018ರಲ್ಲಿ ದ್ವಿತೀಯ ಪಿಯುಸಿಯಲ್ಲಿ ಫಿಸಿಕ್ಸು, ಮ್ಯಾತ್ಸು ಎರಡೂ ಹೋಯ್ತು. ಸಪ್ಲಿಮೆಂಟರಿಯಲ್ಲೂ ಆಗಲಿಲ್ಲ. ಆಮೇಲೆ ಪುಸ್ತಕ ಮುಟ್ಟಲಿಲ್ಲ. ಈಗ ಹೈವೇ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡ್ತಾನೆ. ಬಂಕಿನ ಕೆಲಸ ಕೀಳು ಅಂತ ಅಲ್ಲ. ಆದರೆ ಅವನ ಕೈಗೆ ಗೊತ್ತಿದ್ದ ಕೆಲಸ ಅದಲ್ಲ.

ನನ್ನ ಮಾತಲ್ಲಿ ತಪ್ಪು ಏನಿತ್ತು? ಬಾಗಿಲು ತೆರೆದಿರುತ್ತೆ ಅನ್ನೋದು ಸುಳ್ಳಲ್ಲ. ಆದರೆ ಆ ಬಾಗಿಲುಗಳೆಲ್ಲ ಇರೋದು ಪಿಯುಸಿ ಪಾಸು ಅನ್ನೋ ಹೊಸಿಲಿನ ಆಚೆ. ಹೊಸಿಲೇ ದಾಟದವನಿಗೆ ಆಚೆ ಎಷ್ಟು ಬಾಗಿಲಿದ್ದರೆ ಏನು?

ಇನ್ನೂ ದೊಡ್ಡ ತಪ್ಪು ಫೇಲಾದ ಮೇಲಿನದು. ಆಗ ಅವನಿಗೆ ಮುಂದೆ ದಾರಿಯೇ ಇಲ್ಲ ಅಂತ ಮನೆಯವರೆಲ್ಲ ಅಂದುಕೊಂಡರು. ನಾನೂ ಅಂದುಕೊಂಡೆ. ಪಿಯುಸಿ ಫೇಲಾಗಿದ್ದ, ನಿಜ. ಆದರೆ ಅವನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಫೇಲಾಗಿರಲಿಲ್ಲವಲ್ಲ! ಅದೇ ಅಂಕಪಟ್ಟಿ ಹಿಡ್ಕೊಂಡು ಪಾಲಿಟೆಕ್ನಿಕ್‌ಗೆ ಹೋಗಬಹುದಿತ್ತು, ಐಟಿಐಗೆ ಹೋಗಬಹುದಿತ್ತು. ಇದು ನಮ್ಮ ಮನೇಲಿ ಒಬ್ಬರಿಗೂ ಹೊಳೆಯಲಿಲ್ಲ. ಇಂಜಿನಿಯರ್ ಅನ್ನಿಸಿಕೊಂಡ ನನಗೂ ಕೂಡ.

ನನ್ನ ಕಣ್ಣು ತೆರೆಸಿದ್ದು ಆಫೀಸಿನ ಊಟದ ಟೇಬಲ್. ನಮ್ಮ ಟೀಮಿನ ಮ್ಯಾನೇಜರ್ ವಿಜಯಪುರದ ಕಡೆಯವರು. ಒಂದು ದಿನ ಮಾತಿನ ಮಧ್ಯೆ "ನಾನು ಫಿಟ್ಟರ್ ರೀ" ಅಂದರು. ತಮಾಷೆ ಅಂದುಕೊಂಡೆ. ತಮಾಷೆ ಅಲ್ಲ. ಎಸ್ಸೆಸ್ಸೆಲ್ಸಿ ಆದ ಮೇಲೆ ಎರಡು ವರ್ಷ ಐಟಿಐ. ಅದರ ಮೇಲೆ ಲ್ಯಾಟರಲ್ ಎಂಟ್ರಿಯಲ್ಲಿ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಪ್ರವೇಶ, ಅಲ್ಲಿ ಎರಡು ವರ್ಷ. ಆಮೇಲೆ ಡಿಪ್ಲೊಮಾ ಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ ನೇರ ಪ್ರವೇಶ, ಅಲ್ಲಿ ಮೂರು ವರ್ಷ.

ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ನೀವೂ ಹಾಕಿ.

ಪಿಯುಸಿ 2, ಬಿ.ಇ. 4. ಒಟ್ಟು 6 ವರ್ಷ.
ಡಿಪ್ಲೊಮಾ 3, ಬಿ.ಇ. 3. ಒಟ್ಟು 6 ವರ್ಷ.
ಐಟಿಐ 2, ಡಿಪ್ಲೊಮಾ 2, ಬಿ.ಇ. 3. ಒಟ್ಟು 7 ವರ್ಷ.

ನಾವು ಯಾವುದನ್ನು ದಡ್ಡರ ದಾರಿ ಅಂತೀವೋ ಅದರಲ್ಲಿ ಹೋದವನಿಗೆ ಆಗೋ ನಷ್ಟ ಒಂದೇ ಒಂದು ವರ್ಷ. ಡಿಪ್ಲೊಮಾದವನಿಗೆ ಅದೂ ಇಲ್ಲ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಮಧ್ಯದಲ್ಲಿ ಎಲ್ಲಿ ನಿಂತರೂ ಅವನ ಕೈಯಲ್ಲಿ ಏನೋ ಒಂದು ಇರುತ್ತೆ. ಐಟಿಐಗೆ ನಿಂತರೆ ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟ್ ಇದೆ, 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಕಾರ್ಖಾನೆಯಲ್ಲಿ ಸ್ಟೈಪೆಂಡ್ ತಗೊಂಡು ಕೆಲಸ ಕಲಿಯಬಹುದು, ರೈಲ್ವೆಯ ಅಸಿಸ್ಟೆಂಟ್ ಲೋಕೋ ಪೈಲಟ್ ಹುದ್ದೆಗೆ ಅರ್ಜಿ ಹಾಕಬಹುದು. ಡಿಪ್ಲೊಮಾಗೆ ನಿಂತರೆ ಜೂನಿಯರ್ ಇಂಜಿನಿಯರ್ ಹುದ್ದೆಗಳಿವೆ. ಪಿಯುಸಿ ಸೈನ್ಸ್ ಓದಿ ಫೇಲಾಗಿ ನಿಂತವನ ಕೈಯಲ್ಲಿ ಏನಿರುತ್ತೆ? ಎರಡು ವರ್ಷದ ಹಿಂದಿನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅಷ್ಟೇ.

ಹಾಗಂತ ನಾನೀಗ ಉಲ್ಟಾ ಹೊಡೆದು "ಎಲ್ಲರೂ ಐಟಿಐಗೆ ಹೋಗಿ" ಅಂತ ಬರೀತಿಲ್ಲ. ಅದೂ ಅಷ್ಟೇ ದೊಡ್ಡ ತಪ್ಪು. ಆ ದಾರಿಯ ಕಲ್ಲುಮುಳ್ಳನ್ನೂ ಹೇಳಿಬಿಡ್ತೀನಿ.

ಮೊದಲನೆಯದು ಗಣಿತ. ಡಿಪ್ಲೊಮಾದಿಂದ ಬಿ.ಇ.ಗೆ ಬಂದವರು ನೇರವಾಗಿ ಮೂರನೇ ಸೆಮಿಸ್ಟರಿಗೆ ಬಂದು ಬೀಳ್ತಾರೆ. ಪಕ್ಕದಲ್ಲಿ ಕೂತವನು ಪಿಯುಸಿಯ ಕ್ಯಾಲ್ಕುಲಸ್ ಮುಗಿಸಿ, ಮೊದಲ ವರ್ಷದ ಗಣಿತವನ್ನೂ ಮುಗಿಸಿರ್ತಾನೆ. ಈ ಅಂತರ ತುಂಬಲಿ ಅಂತಲೇ ವಿಟಿಯು ಲ್ಯಾಟರಲ್ ಎಂಟ್ರಿಯವರಿಗೆ ಹೆಚ್ಚುವರಿ ಗಣಿತದ ಪೇಪರುಗಳನ್ನು ಇಟ್ಟಿತ್ತು. ನಮ್ಮ ಕ್ಲಾಸಿನಲ್ಲಿ ಡಿಪ್ಲೊಮಾದಿಂದ ಬಂದ ಹುಡುಗರು ಲ್ಯಾಬಿನಲ್ಲಿ ನಮಗೆ ಗುರುಗಳ ಥರ ಇದ್ದರು, ಗಣಿತದ ಪೇಪರ್ ದಿನ ಮಾತ್ರ ಅವರ ಮುಖ ನೋಡೋಕಾಗ್ತಿರಲಿಲ್ಲ. ದಾಟಿದವರು ದಾಟಿದರು, ಆದರೆ ಸುಲಭವಾಗಿ ಅಲ್ಲ.

ಎರಡನೆಯದು, ಎಲ್ಲಾ ಐಟಿಐ ಒಂದೇ ಥರ ಇಲ್ಲ. ಯಂತ್ರ ಇದ್ದರೆ ಕಲಿಸೋರಿಲ್ಲ, ಕಲಿಸೋರಿದ್ದರೆ ಯಂತ್ರ ಅಜ್ಜನ ಕಾಲದ್ದು ಅನ್ನೋ ಕಡೆಗಳೂ ಇವೆ. ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಿತು. ನಿಮ್ಮ ಊರಿನದ್ದು ಆ ಪಟ್ಟಿಯಲ್ಲಿದೆಯಾ ಅಂತ ಒಮ್ಮೆ ಹೋಗಿ ವರ್ಕ್‌ಶಾಪ್ ನೋಡಿ ಬನ್ನಿ. ಹಾಗೇ ಸರ್ಕಾರಿ ಟೂಲ್ ರೂಮ್, ಅಂದರೆ ಜಿಟಿಟಿಸಿ ಅಂತ ಒಂದಿದೆ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಶುರುವಾದದ್ದು. ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮಾಮೂಲಿ ಡಿಪ್ಲೊಮಾದ ಥರ ಅಲ್ಲ, ಮೂರು ವರ್ಷದ ಕಲಿಕೆ ಮೇಲೆ ಒಂದು ವರ್ಷ ಕಾರ್ಖಾನೆ ತರಬೇತಿ. ನಮ್ಮೂರ ಹೈಸ್ಕೂಲಲ್ಲಿ ಜಿಟಿಟಿಸಿ ಅನ್ನೋ ಹೆಸರು ಕೇಳಿದವರು ಒಬ್ಬರೂ ಇಲ್ಲ.

ಮೂರನೆಯದು, ಈ ಏಣಿ ಎಲ್ಲಾ ಮಹಡಿಗೂ ಹೋಗಲ್ಲ. ಡಾಕ್ಟರ್ ಆಗಬೇಕು ಅನ್ನೋ ಮಗುವಿಗೆ ನೀಟ್ ಬೇಕು, ನೀಟ್‌ಗೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಬೇಕೇ ಬೇಕು. ಅಲ್ಲಿ ಡಿಪ್ಲೊಮಾ ನಡೆಯಲ್ಲ. ಅಂಥ ಮಗುವಿಗೆ "ಸೈನ್ಸ್ ತಗೋ" ಅನ್ನೋದೇ ಸರಿಯಾದ ಸಲಹೆ. ನನ್ನ ತಕರಾರು ಇಷ್ಟೇ, ಮಗು ಯಾವುದು ಅಂತ ನೋಡದೆ ಎಲ್ಲರಿಗೂ ಅದೇ ಸಲಹೆ ಕೊಡೋದು.

ಇಂಜಿನಿಯರಿಂಗ್ ಒಂದೇ ಅಲ್ಲ, ಬೇರೆ ಕಡೆಯೂ ಇಂಥ ಪಕ್ಕದ ಮೆಟ್ಟಿಲುಗಳಿವೆ. ನರ್ಸ್ ಆಗಬೇಕು ಅಂತ ಆಸೆ ಇದ್ದು, ಪಿಯುಸಿಯಲ್ಲಿ ಆರ್ಟ್ಸ್ ಓದಿದ ಹುಡುಗಿಗೆ ಬಿ.ಎಸ್ಸಿ. ನರ್ಸಿಂಗ್ ಸಿಗಲ್ಲ, ಅದಕ್ಕೆ ಸೈನ್ಸ್ ಬೇಕು. ಆದರೆ ಜಿಎನ್ಎಂಗೆ ಸೈನ್ಸೇ ಆಗಬೇಕು ಅಂತಿಲ್ಲ. ಮೂರು ವರ್ಷ ಜಿಎನ್ಎಂ ಮುಗಿಸಿ, ಆಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಮಾಡಿದರೆ ಅವಳೂ ಪದವೀಧರ ನರ್ಸ್. ಲಾಯರ್ ಆಗೋಕೆ ಪಿಯುಸಿ ಆದ ತಕ್ಷಣ ಐದು ವರ್ಷದ ಕೋರ್ಸೂ ಇದೆ, ಯಾವುದೋ ಡಿಗ್ರಿ ಮುಗಿಸಿ ಮೂರು ವರ್ಷದ ಕೋರ್ಸೂ ಇದೆ. ಸಿಎ ಮಾಡೋಕೆ ಕಾಮರ್ಸೇ ಓದಿರಬೇಕು ಅನ್ನೋದು ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದ ಇನ್ನೊಂದು ತಪ್ಪು ತಿಳಿವಳಿಕೆ. ಯಾವ ವಿಭಾಗದಲ್ಲಿ ಪಿಯುಸಿ ಆದವರೂ ಫೌಂಡೇಶನ್ ಬರೀಬಹುದು. ಕಾಮರ್ಸ್ ಪದವಿಯಲ್ಲಿ ಶೇಕಡಾ 55, ಬೇರೆ ಪದವಿಯಲ್ಲಿ ಶೇಕಡಾ 60 ಬಂದವರಿಗೆ ಫೌಂಡೇಶನ್ ಇಲ್ಲದೆ ಇಂಟರ್‌ಮೀಡಿಯೆಟ್‌ಗೇ ನೇರ ದಾರಿ ಇದೆ.

ದಾರಿಗಳು ಇದ್ದಾವೆ. ಇಲ್ಲದಿರೋದು ನಕ್ಷೆ. ನನಗೆ ಸಿಟ್ಟು ಬರೋದು ಅಲ್ಲೇ.

ಇದರ ಮೇಲೆ ನಿಯಮಗಳು ಮಧ್ಯದಲ್ಲೇ ಬದಲಾಗ್ತವೆ. 2021ರಲ್ಲಿ ಕರ್ನಾಟಕದಲ್ಲಿ ಹೊಸ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಆನರ್ಸ್ ಡಿಗ್ರಿ ಬಂತು. 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ವಾಪಸ್. ಯಾವುದು ಸರಿ ಅನ್ನೋ ರಾಜಕೀಯ ಜಗಳ ನನಗೆ ಬೇಡ. ಆದರೆ ಮಧ್ಯದ ಆ ಮೂರು ಬ್ಯಾಚಿನ ಮಕ್ಕಳ ಮನೆಯಲ್ಲಿ "ಮೂರಕ್ಕೆ ನಿಲ್ಲಿಸಬೇಕಾ, ನಾಲ್ಕನೇದು ಓದಬೇಕಾ" ಅನ್ನೋ ಪ್ರಶ್ನೆಗೆ ಉತ್ತರ ಹೇಳಿದವರು ಯಾರು? ನಾಲ್ಕು ವರ್ಷ ಓದಿದವರಿಗೆ ಒಂದೇ ವರ್ಷದ ಎಂ.ಎ., ಎಂ.ಎಸ್ಸಿ.ಗೆ ಅವಕಾಶ ಇರಬಹುದು, ಮೂರು ವರ್ಷದವರಿಗೆ ಎರಡು ವರ್ಷ ಬೇಕು ಅನ್ನೋ ಸರಳ ಲೆಕ್ಕವನ್ನಾದರೂ ಕಾಲೇಜಿನ ಗೋಡೆ ಮೇಲೆ ಅಂಟಿಸಬಹುದಿತ್ತು. ಟೀಚರ್ ಕೆಲಸದ ಕಥೆಯೂ ಅದೇ. ಬಿ.ಎಡ್. ಮಾಡಿದವರು ಒಂದರಿಂದ ಐದನೇ ಕ್ಲಾಸಿಗೆ ಕಲಿಸೋಕೆ ಅರ್ಹರಲ್ಲ, ಅದಕ್ಕೆ ಡಿ.ಎಲ್.ಎಡ್. ಥರದ ತರಬೇತಿಯೇ ಬೇಕು ಅಂತ 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. "ದೊಡ್ಡ ಕೋರ್ಸ್ ಮಾಡಿದರೆ ಚಿಕ್ಕ ಕೆಲಸ ಸಿಕ್ಕೇ ಸಿಗುತ್ತೆ" ಅಂದುಕೊಂಡವರಿಗೆಲ್ಲ ಅದು ಪಾಠ.

ದೂರಶಿಕ್ಷಣದಲ್ಲೂ ಎಚ್ಚರ ಬೇಕು. ಮೈಸೂರಿನ ಮುಕ್ತ ವಿಶ್ವವಿದ್ಯಾಲಯ 1996ರಿಂದ ಎಷ್ಟೋ ಕೆಲಸಗಾರರಿಗೆ, ಗೃಹಿಣಿಯರಿಗೆ ಡಿಗ್ರಿ ಕೊಡಿಸಿದ ಸಂಸ್ಥೆ. ಅದರ ಮಾನ್ಯತೆಯನ್ನೇ 2015ರಲ್ಲಿ ಯುಜಿಸಿ ಹಿಂಪಡೆಯಿತು, ಮತ್ತೆ ಸಿಕ್ಕಿದ್ದು 2018ರಲ್ಲಿ. ಮಧ್ಯದಲ್ಲಿ ಸಿಕ್ಕಿಕೊಂಡ ವಿದ್ಯಾರ್ಥಿಗಳ ಪಾಡು ಪತ್ರಿಕೆಗಳಲ್ಲಿ ಓದಿದ್ದೇವೆ. ಹಾಗಾಗಿ ಸಂಸ್ಥೆಯ ಹೆಸರು ನೋಡಿದರೆ ಸಾಲದು, ನಾವು ಸೇರೋ ವರ್ಷಕ್ಕೆ, ನಾವು ಸೇರೋ ಕೋರ್ಸಿಗೆ ಮಾನ್ಯತೆ ಇದೆಯಾ ಅಂತ ನೋಡಬೇಕು. ಇನ್ನೊಂದು ವಿಷಯ ಎಷ್ಟೋ ಜನಕ್ಕೆ ತಡವಾಗಿ ಗೊತ್ತಾಗುತ್ತೆ. ಪಿಯುಸಿ ಇಲ್ಲದೆ ನೇರವಾಗಿ ಮುಕ್ತ ವಿವಿಯಿಂದ ಡಿಗ್ರಿ ಪಡೆದವರಿಗೆ ಬಾರ್ ಕೌನ್ಸಿಲ್ ನಿಯಮದಂತೆ ಎಲ್ಎಲ್‌ಬಿ ಸೀಟು ಸಿಗುವುದಿಲ್ಲ. ಡಿಗ್ರಿ ಇದೆ, ಅದರ ಕೆಳಗಿನ ಮೆಟ್ಟಿಲು ಇಲ್ಲ.

ಇನ್ನು ಖಾಸಗಿ "ಡಿಪ್ಲೊಮಾ"ಗಳು. ನನಗೆ ಗೊತ್ತಿರೋ ಒಬ್ಬ ಹುಡುಗಿ ಪಿಯುಸಿ ಅರ್ಧಕ್ಕೆ ಬಿಟ್ಟು, ಬಸ್‌ಸ್ಟ್ಯಾಂಡ್ ಎದುರಿನ ಮೂರನೇ ಮಹಡಿಯ ಒಂದು ತರಬೇತಿ ಕೇಂದ್ರಕ್ಕೆ ಸೇರಿದಳು. ಅಮ್ಮನ ಓಲೆ ಅಡವಿಟ್ಟ ದುಡ್ಡು. ಬಣ್ಣಬಣ್ಣದ ಸರ್ಟಿಫಿಕೇಟು, ಹೊಳೆಯೋ ಸೀಲು, ಸಂಸ್ಥೆಯವರೇ ಹಾಕಿಸಿದ ಗೌನು, ಟೋಪಿ. ಮುಂದೆ ಡಿಗ್ರಿ ಸೇರೋಕೆ ಹೋದಾಗ ಕಾಲೇಜಿನ ಗುಮಾಸ್ತರು ಅದನ್ನು ಮಗುಚಿ ನೋಡಿ ವಾಪಸ್ ಕೊಟ್ಟರಂತೆ. "ಇದರ ಬೋರ್ಡ್ ಯಾವುದಮ್ಮ?" ಅಂದರಂತೆ. ಬೋರ್ಡೇ ಇರಲಿಲ್ಲ. ಡಿಪ್ಲೊಮಾ ಅನ್ನೋ ಪದವನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು ಅಂತ ಆ ಮಗುವಿಗೆ ಹೇಳಿದವರೇ ಇರಲಿಲ್ಲ.

ಇವೆಲ್ಲದರ ನಡುವೆ ಕೂತಿರೋ ದೊಡ್ಡ ಭೂತ ಅಂದ್ರೆ "ತತ್ಸಮಾನ" ಅನ್ನೋ ಪದ. ಪ್ರತಿ ಅಧಿಸೂಚನೆಯಲ್ಲೂ ಇರುತ್ತೆ, "ಪಿಯುಸಿ ಅಥವಾ ತತ್ಸಮಾನ". ಯಾವುದು ತತ್ಸಮಾನ? ಐಟಿಐ ಮುಗಿಸಿದವರು ಎನ್ಐಒಎಸ್‌ನಲ್ಲಿ ಭಾಷೆ ಸೇರಿದಂತೆ ಕೆಲವು ಪೇಪರ್ ಬರೆದು ಹನ್ನೆರಡನೇ ತರಗತಿಯ ಸರ್ಟಿಫಿಕೇಟ್ ಪಡೆಯೋ ವ್ಯವಸ್ಥೆ ಇದೆ. ಆದರೆ ಐಟಿಐ ಮುಗಿಸಿದ ಎಷ್ಟು ಮಕ್ಕಳಿಗೆ ಇದು ಗೊತ್ತು? ಎರಡು ವರ್ಷ, ಮೂರು ವರ್ಷ ಕೈ ಮಸಿ ಮಾಡಿಕೊಂಡು ಓದಿದವನು ಅರ್ಜಿ ಹಾಕೋ ಕೊನೇ ದಿನ ಸೈಬರ್ ಸೆಂಟರಿನಲ್ಲಿ ನಿಂತು "ಅಣ್ಣ, ನಂದು ತತ್ಸಮಾನನಾ?" ಅಂತ ಕಂಪ್ಯೂಟರ್ ಕೂತಿರೋ ಹುಡುಗನನ್ನು ಕೇಳೋ ಪರಿಸ್ಥಿತಿ ಇದೆಯಲ್ಲ, ಅದು ನಾಚಿಕೆಗೇಡು. 2023ರಲ್ಲಿ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಅಂತ ಬಂತು. ಶಾಲೆ, ಕಾಲೇಜು, ಕೌಶಲ ತರಬೇತಿ ಎಲ್ಲವನ್ನೂ ಒಂದೇ ಅಳತೆಗೋಲಿಗೆ ತರೋ ಆಸೆ ಅದರದ್ದು. ಒಳ್ಳೇ ಆಸೆ. ಆ ಅಳತೆಗೋಲು ನಮ್ಮ ಸೈಬರ್ ಸೆಂಟರಿನ ಹುಡುಗನ ಕೈಗೆ ಬಂದಾಗ ನಂಬ್ತೀನಿ.

ನನ್ನ ಬೇಡಿಕೆ ದೊಡ್ಡದೇನಲ್ಲ. ಪ್ರತಿ ಹೈಸ್ಕೂಲಿನ ನೋಟಿಸ್ ಬೋರ್ಡಿನಲ್ಲಿ, ಪರೀಕ್ಷೆಗೆ ಮೂರು ತಿಂಗಳು ಮುಂಚೆ, ಕನ್ನಡದಲ್ಲಿ ಒಂದೇ ಒಂದು ಹಾಳೆ. ಎಸ್ಸೆಸ್ಸೆಲ್ಸಿಯಿಂದ ಹೊರಡೋ ಎಲ್ಲಾ ದಾರಿ, ಪ್ರತಿ ದಾರಿಗೂ ಎಷ್ಟು ವರ್ಷ, ಎಲ್ಲಿ ಯಾವ ದಾರಿ ಸೇರುತ್ತೆ. ರೈಲ್ವೆ ಸ್ಟೇಷನ್ನಿನಲ್ಲಿ ಲೈನಿನ ನಕ್ಷೆ ಹಾಕ್ತಾರಲ್ಲ, ಹಾಗೆ. ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಬದಲಾಯಿಸಬಹುದು ಅಂತ ಪ್ರಯಾಣಿಕನಿಗೆ ಗೊತ್ತಿರುತ್ತೆ. ಓದಿನ ಜಂಕ್ಷನ್ ಎಲ್ಲಿದೆ ಅಂತ ಹದಿನಾರು ವರ್ಷದ ಮಗುವಿಗೆ ಗೊತ್ತಿಲ್ಲ.

ಆ ಹಾಳೆ ಬರೋವರೆಗೆ, ಯಾವ ಕೋರ್ಸಿಗೆ ಸೇರೋ ಮುಂಚೆಯೂ ಈ ಐದು ಪ್ರಶ್ನೆ ಕೇಳಿ. ನಾನು ಕೇಳದೇ ಹೋದ ಪ್ರಶ್ನೆಗಳು.

1. ಸರ್ಟಿಫಿಕೇಟ್ ಕೊಡೋದು ಯಾರು? ಕಾಲೇಜೋ, ಬೋರ್ಡೋ, ವಿಶ್ವವಿದ್ಯಾಲಯವೋ? ಅವರಿಗೆ ಮಾನ್ಯತೆ ಕೊಟ್ಟವರು ಯಾರು?

2. ಇದು ಮುಗಿದ ಮೇಲೆ ಯಾವ ಕೋರ್ಸಿನ ಎಷ್ಟನೇ ವರ್ಷಕ್ಕೆ ಸೇರಬಹುದು? ಅದಕ್ಕೆ ಬೇರೆ ಪರೀಕ್ಷೆ ಇದೆಯಾ?

3. ಇದರಿಂದ ಯಾವ ಬಾಗಿಲು ಮುಚ್ಚುತ್ತೆ? (ಇದನ್ನು ಯಾವ ಕಾಲೇಜಿನವರೂ ತಾವಾಗಿ ಹೇಳಲ್ಲ, ನೀವೇ ಕೇಳಬೇಕು.)

4. ಅರ್ಧಕ್ಕೆ ನಿಂತರೆ, ಅಥವಾ ಫೇಲಾದರೆ, ಕೈಯಲ್ಲಿ ಏನಿರುತ್ತೆ?

5. ಮಗುವಿಗೆ ಇದು ಇಷ್ಟವಾ? ಕೊನೆಗೆ ಬರೆದೆ, ಆದರೆ ಮೊದಲು ಕೇಳಿ.

ಮಾಡೋ ಕೈಗೂ ಓದೋ ತಲೆಗೂ ಮಧ್ಯೆ ಗೋಡೆ ಕಟ್ಟಿದ್ದು ನಾವೇ. ಇದೇ ನಾಡಿನಲ್ಲಿ ವಿಶ್ವೇಶ್ವರಯ್ಯನವರು ಭದ್ರಾವತಿ ಕಾರ್ಖಾನೆಯಿಂದ ತಮಗೆ ಬರಬೇಕಾದ ಹಣವನ್ನು ಕೊಟ್ಟು ಕಟ್ಟಿಸಿದ್ದು ಕಸುಬು ಕಲಿಸೋ ಶಾಲೆಯನ್ನು. ಇವತ್ತಿನ ಎಸ್‌ಜೆ ಪಾಲಿಟೆಕ್ನಿಕ್ ಅದೇ. ನಾವು ಅವರ ಫೋಟೋಗೆ ಹಾರ ಹಾಕಿ ಇಂಜಿನಿಯರ್ಸ್ ಡೇ ಮಾಡ್ತೀವಿ, ಮನೆಯ ಹುಡುಗ ಕಸುಬು ಕಲೀತೀನಿ ಅಂದರೆ ಮರ್ಯಾದೆ ಹೋಯ್ತು ಅಂತೀವಿ.

ಭಾನುವಾರ ಊರಿಗೆ ಹೋಗಿದ್ದೆ. ಭಾವನ ಮುಂದೆ ಪೇಪರ್ ಇಟ್ಟು 6, 6, 7ರ ಲೆಕ್ಕ ಬರೆದು ತೋರಿಸಿದೆ. ತುಂಬಾ ಹೊತ್ತು ಅದನ್ನೇ ನೋಡ್ತಾ ಕೂತರು. "ಡಿಪ್ಲೊಮಾ ಆದ್ರೆ ಓಕೆ" ಅಂದರು. ಮರ್ಯಾದೆಗೂ ಕರೆಂಟಿಗೂ ನಡುವಿನ ರಾಜಿ :) ಹುಡುಗ ಖುಷಿಯಾದ. ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಸೀಟು ಸಿಗುತ್ತೋ ಇಲ್ಲವೋ ಇನ್ನೂ ಗೊತ್ತಿಲ್ಲ. ಸಿಗದಿದ್ದರೆ ಐಟಿಐಗೆ ಬೇಡ ಅನ್ನಲ್ಲ ಅಂತ ಭಾವನಿಂದ ಮಾತು ತಗೊಂಡಿದ್ದೀನಿ.

ವಾಪಸ್ ಬರ್ತಾ ಬಂಕಿನಲ್ಲಿ ಬೈಕ್ ನಿಲ್ಲಿಸಿದೆ. ಪೆಟ್ರೋಲ್ ಬೇಕಿರಲಿಲ್ಲ. ಚಿಕ್ಕಪ್ಪನ ಮಗ ನಕ್ಕೊಂಡು ಬಂದ. ಅವನಿಗೂ ಅದೇ ಪೇಪರ್ ತೋರಿಸಿದೆ. "ನಿನ್ನ ಎಸ್ಸೆಸ್ಸೆಲ್ಸಿ ಕಾರ್ಡಿಗೆ ಇನ್ನೂ ಬೆಲೆ ಇದೆ ಕಣೋ, ನಾನು ಅವತ್ತು ತಪ್ಪು ಹೇಳಿದ್ದೆ" ಅಂದೆ. ಅಷ್ಟು ಹೇಳೋಕೆ ನನಗೆ ಇಷ್ಟು ವರ್ಷ ಬೇಕಾಯ್ತು. "ಬಿಡಣ್ಣ, ಈಗ ಚಿಕ್ಕ ಹುಡುಗರ ಜೊತೆ ಕೂರೋಕಾಗುತ್ತಾ" ಅಂದ. ಇನ್ನೊಂದು ಗಾಡಿ ಬಂತು, ಹೋದ. ಹಣ ಎಣಿಸಿ ವಾಪಸ್ ಬಂದವನು ಆ ಪೇಪರ್ ಮಡಚಿ ಶರ್ಟಿನ ಜೇಬಿಗೆ ಇಟ್ಕೊಂಡ.

ನಿಮ್ಮ ಮನೇಲೂ ಈ ವಾರ ಯಾರಾದರೂ "ಏನಕ್ಕೆ ಹಾಕೋಣ" ಅಂತ ಕೇಳಿರ್ತಾರೆ. ಉತ್ತರ ಕೊಡೋ ಮುಂಚೆ ದಯವಿಟ್ಟು ಒಂದು ಪೇಪರ್ ತಗೊಂಡು ಲೆಕ್ಕ ಹಾಕಿ. ನಾನು ಬಿಟ್ಟಿರೋ ದಾರಿಗಳು, ನಿಮಗೆ ಗೊತ್ತಿರೋ ಪಕ್ಕದ ಮೆಟ್ಟಿಲುಗಳು ಇದ್ದರೆ ಹೇಳಿ. ಯಾರಿಗಾದರೂ ಉಪಯೋಗ ಆಗುತ್ತೆ.